ನಿಲ್ಲದ ಕೈ

ಜೂನ್ ೩, ಸೋಮವಾರ

ಹೊಲಿಗೆ ಕಾರ್ಖಾನೆ ಮುಚ್ಚಿದರೂ ಒಬ್ಬರನ್ನೂ ಬೀದಿಗೆ ಬಿಡುವುದಿಲ್ಲ ಎಂದರು ಕಂಪನಿಯವರು. ಗೇಟಿಗೆ ಬೀಗ ಬಿದ್ದ ದಿನದಿಂದ ಬೀದಿಯಲ್ಲೇ ಇದ್ದೇವೆ.

ಅದೇ ಕಟ್ಟಡಕ್ಕೆ ಎಲೆಕ್ಟ್ರಾನಿಕ್ಸ್ ಘಟಕ ಬರುತ್ತದೆ, ನಿಮ್ಮೆಲ್ಲರನ್ನೂ ತೆಗೆದುಕೊಳ್ಳುತ್ತೇವೆ ಎಂದರು. ಪರೀಕ್ಷೆಯಲ್ಲಿ ಪಾಸಾದವರನ್ನು ಮಾತ್ರ ಎಂದು ಆಮೇಲೆ ಸೇರಿಸಿದರು.

ಮೂರು ತಿಂಗಳ ತರಬೇತಿ ಎಂದರು. ಮೂರು ವಾರಕ್ಕೆ ಇಳಿಸಿದರು.

ಕೈ ಪಳಗಲು ಆಳಿಗೊಂದು ಕಿಟ್, ಕೆಟ್ಟರೆ ಇನ್ನೊಂದು ಎಂದರು. ಇನ್ನೊಂದು ಇಲ್ಲ, ಕೆಟ್ಟರೆ ನಿಮ್ಮ ಹಣೆಬರಹ ಎಂದರು.

ಬೆಸುಗೆಯ ಹೊಗೆ ಎಳೆಯಲು ಫ್ಯಾನು ಹಾಕಿಸುತ್ತೇವೆ ಎಂದರು. ಕಿಟಕಿ ತೆಗೆದುಕೊಳ್ಳಿ ಎಂದರು. ಕಿಟಕಿಗೆ ಮೊಳೆ ಹೊಡೆದಿದೆ.

ಹಿಂದೆ ಮುಷ್ಕರ ಮಾಡಿದಾಗ ಸಂಘದ ಹಿರಿಯಕ್ಕ ಕಲಿಸಿದ ಪಾಠ ಇದು: ಅಳುವ ಮೊದಲು ಬರೆದಿಡಿ, ಕೊಟ್ಟ ಮಾತನ್ನೂ ನುಂಗಿದ ಮಾತನ್ನೂ. ಅಳು ಬರಲಿಲ್ಲ. ಬರೆದಾಯಿತು.

ತರಬೇತಿ ನಡೆಯುವುದು ನಮ್ಮ ಹಳೆಯ ಇಸ್ತ್ರಿ ಹಾಲಿನಲ್ಲೇ. ಹಬೆಯ ಪೈಪುಗಳನ್ನು ಕಿತ್ತಿದ್ದಾರೆ, ಗೋಡೆಯ ತುಂಬ ತೂತು. ಹತ್ತೊಂಬತ್ತು ವರ್ಷ ನಾನು ನಿಂತು ಇಸ್ತ್ರಿ ಎಳೆದ ಜಾಗದಲ್ಲಿ ಈಗ ಕುರ್ಚಿ ಹಾಕಿದ್ದಾರೆ. ಆ ಜಾಗದಲ್ಲಿ ಕೂತದ್ದು ಇದೇ ಮೊದಲು. ಏನೂ ಅನ್ನಿಸಲಿಲ್ಲ.


ಜೂನ್ ೪, ಮಂಗಳವಾರ

ಕಿಟ್ ಕೊಟ್ಟರು. ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಬೆಂಕಿಪೊಟ್ಟಣದಷ್ಟು ಹಸಿರು ಹಲಗೆ, ಎರಡು ಕೆಂಪು ದೀಪ, ಕೆಪಾಸಿಟರ್ ಎಂಬ ಎರಡು ಪುಟ್ಟ ಡಬ್ಬಿ, ಮೂರು ಕಾಲಿನ ಎರಡು ಟ್ರಾನ್ಸಿಸ್ಟರ್, ಮೈಮೇಲೆ ಪಟ್ಟೆ ಇರುವ ನಾಲ್ಕು ರೆಸಿಸ್ಟರ್. ಎಲ್ಲದರ ಕಾಲನ್ನೂ ತೂತಿಗೆ ತೂರಿಸಿ, ಹಿಂದೆ ತಾಮ್ರದ ಉಂಗುರಕ್ಕೆ ಬೆಸುಗೆ ಹಾಕಿ, ಬ್ಯಾಟರಿ ಕೊಟ್ಟರೆ ದೀಪಗಳೆರಡೂ ಒಂದಾದ ಮೇಲೊಂದು ಮಿಣುಕಬೇಕು. ಇಪ್ಪತ್ತನೇ ತಾರೀಖು ಪರೀಕ್ಷೆ. ಆಫೀಸರು ಬಂದು ಹಲಗೆಯನ್ನು ಮೇಜಿಗೆ ಕುಟ್ಟಿ ನೋಡುತ್ತಾರಂತೆ. ಕುಟ್ಟಿದ ಮೇಲೂ ಮಿಣುಕಿದರೆ ಕೆಲಸ. ಇಲ್ಲದಿದ್ದರೆ ಮನೆ.

ಕಲಿಸುವವರು ಕನ್ನಡಕದ ಹುಡುಗ, ಮೂರು ವಾರಕ್ಕೆಂದೇ ಕರೆಸಿದವರು. ನಾವು ಮೇಷ್ಟ್ರು ಅನ್ನುತ್ತೇವೆ, ಅವರು ನಮ್ಮನ್ನು ಅಮ್ಮಾ ಅನ್ನುತ್ತಾರೆ.

"ಕಾದ ಬೆಸುಗೆ ಕಡ್ಡಿ ತುದಿಯಿಂದ ಮೊದಲು ಉಂಗುರಾನೂ ಕಾಲನ್ನೂ ಒಟ್ಟಿಗೆ ಕಾಯಿಸಿ ಅಮ್ಮಾ. ಆಮೇಲೆ ಬೆಸುಗೆ ತಂತಿ ಮುಟ್ಟಿಸಿ. ತಾನೇ ಕರಗಿ ಹರೀಬೇಕು. ಗೋಡೆಗೆ ಸುಣ್ಣ ಮೆತ್ತಿದ ಹಾಗೆ ಮೆತ್ತಬಾರದು."

ನನ್ನ ಪಕ್ಕದಲ್ಲಿ ಗುಂಡಿ ಕೂತಿದ್ದಾಳೆ. ಷರಟಿಗೆ ಗುಂಡಿ ಹಚ್ಚುವ ಮೇಜಿನವಳು, ಅದಕ್ಕೇ ಆ ಹೆಸರು. ನನ್ನನ್ನು ಅವಳು ಹಬೆ ಅಂತ ಕರೆಯುತ್ತಾಳೆ. ನಾವು ಇಸ್ತ್ರಿಯವರು ಹನ್ನೊಂದು ಮಂದಿ. ಉಳಿದವರೆಲ್ಲ ಗುಂಡಿ ಮೇಜಿನವರು.

"ಹಬೆ, ಈ ದೀಪ ನೋಡೇ, ನಮ್ಮ ಸೂಪರ್‌ವೈಸರ್ ಮೂಗಿನ ಹಾಗಿದೆ," ಎಂದಳು. ಎಲ್ಲರೂ ನಕ್ಕರು. ನಾನೂ ಬಾಯಿ ಅಗಲಿಸಿದೆ ಅಂತ ಕಾಣುತ್ತದೆ.


ಜೂನ್ ೬, ಗುರುವಾರ

ಎಲ್ಲ ಬೆಸೆದೆ. ಬ್ಯಾಟರಿ ಕೊಟ್ಟೆ. ಕತ್ತಲೆ.

ಅಲುಗಿಸಿ ನೋಡಿದರೆ ಬ್ಯಾಟರಿಯ ಕೆಂಪು ತಂತಿ ಕೈಗೇ ಬಂತು. ಮತ್ತೆ ಬೆಸೆದೆ. ಒಂದು ದೀಪ ಹತ್ತಿತು, ಇನ್ನೊಂದು ಇಲ್ಲ. ಮೇಷ್ಟ್ರು ನೋಡಿ, ದೀಪಕ್ಕೆ ಉದ್ದದ ಕಾಲು ಗಿಡ್ಡ ಕಾಲು ಅಂತ ಇದೆ, ಅದಲುಬದಲಾಗಿದೆ ಎಂದರು. ಕೀಳುವಾಗ ಒಂದು ಉಂಗುರ ಹಲಗೆ ಬಿಟ್ಟು ಕಾಲಿನ ಜೊತೆಗೇ ಎದ್ದು ಬಂತು, ಹುಣ್ಣಿನ ಹಕ್ಕಳೆ ಕಿತ್ತ ಹಾಗೆ. ಮೇಷ್ಟ್ರು ಅಲ್ಲಿಗೆ ಒಂದು ಚೂರು ತಂತಿಯ ಸೇತುವೆ ಹಾಕಿಸಿದರು. "ಇನ್ನೊಂದು ಉಂಗುರ ಎದ್ದರೆ ಕಷ್ಟ ಅಮ್ಮಾ, ಹಲಗೆ ಸತ್ತ ಹಾಗೇನೆ," ಎಂದರು.

ಈಗ ಎರಡೂ ದೀಪ ಹತ್ತುತ್ತವೆ, ಮಿಣುಕುವುದಿಲ್ಲ. ಸುಮ್ಮನೆ ಉರಿಯುತ್ತವೆ, ಬಿಟ್ಟ ಕಣ್ಣು ಬಿಟ್ಟ ಹಾಗೆ.

ನಡುವೆ ಎಂಥದೋ ವಾಸನೆ ಬಂತು. ಯಾರದ್ದೋ ಕೂದಲು ಸುಡುತ್ತಿದೆ ಅಂದುಕೊಂಡೆ. ನೋಡಿದರೆ ನನ್ನದೇ ಹೆಬ್ಬೆರಳು ಕಡ್ಡಿಗೆ ತಾಗಿಕೊಂಡಿತ್ತು. ನೋವಿಲ್ಲ. ಹಬೆಯಲ್ಲಿ ಬೆಂದು ಬೆಂದು ಬೆರಳ ತುದಿಗಳು ಚಪ್ಪಲಿಯ ಅಟ್ಟೆಯಾಗಿವೆ.

ಮನೆಯಲ್ಲಿ ಅತ್ತೆ, "ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೀಯ," ಎಂದರು. ನನಗೆ ತಿಳಿಯಲಿಲ್ಲ. ಪೂರ್ತಿ ಉಂಡೆ.


ಜೂನ್ ೭, ಶುಕ್ರವಾರ

ಆಫೀಸರು ಬಂದರು. ಸದಾ ಹಲ್ಲು ಬಿಟ್ಟುಕೊಂಡೇ ಮಾತಾಡುತ್ತಾರೆ. ಕಾರ್ಖಾನೆ ಮುಚ್ಚುತ್ತೇವೆ ಎಂದಾಗಲೂ ಹಲ್ಲು ಬಿಟ್ಟುಕೊಂಡೇ ಹೇಳಿದ್ದರು. ನಾವು ನಗುಮೊಗ ಅನ್ನುತ್ತೇವೆ.

ಹಲಗೆಗಳನ್ನೆಲ್ಲ ಸಾಲಾಗಿ ಇಡಿಸಿದರು. ಗುಂಡಿ ಮೇಜಿನವರ ಹಲಗೆಗಳು ಬಹುಮಟ್ಟಿಗೆ ಮಿಣುಕಿದವು. ನಮ್ಮ ಹನ್ನೊಂದರಲ್ಲಿ ಒಂದೂ ಮಿಣುಕಲಿಲ್ಲ.

"ಗುಂಡಿ ಹಚ್ಚೋರ ಕೈ ಸೂಕ್ಷ್ಮ," ಎಂದರು ನಗುಮೊಗ. "ಇಸ್ತ್ರಿ ಎಳೆಯೋರ ಕೈ ದಪ್ಪ. ಏನು ಮಾಡೋಕಾಗುತ್ತೆ? ಕೈ ದಪ್ಪ ಆದ್ರೆ..." ಎಂದು ತಲೆಯ ಕಡೆ ಬೆರಳು ತೋರಿಸಿ ಮಾತು ನಿಲ್ಲಿಸಿದರು.

ನಮ್ಮಲ್ಲೊಬ್ಬಳು, "ಇನ್ನೊಂದು ಕಿಟ್ ಕೊಡ್ತೀವಿ ಅಂದಿದ್ರಿ ಸಾರ್," ಎಂದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

"ನೆಲ ಸರಿ ಇದ್ಯೋ ಇಲ್ವೋ ನೀವೂ ಒಂದ್ಸಲ ಕುಣಿದು ನೋಡಿ ಸಾರ್," ಎಂದಳು ಗುಂಡಿ, ತಲೆ ಎತ್ತದೆ, ತನ್ನ ಹಲಗೆ ಒರೆಸಿಕೊಳ್ಳುತ್ತಾ. ನಗುಮೊಗ ಆಗಲೂ ಹಲ್ಲು ಮುಚ್ಚಲಿಲ್ಲ. "ಪಾಸಾಗದವರು ತರಬೇತಿಗೆ ಅನರ್ಹರು ಅಂತ ಕಂಪನಿ ಬರ್ಕೊಳ್ಳುತ್ತೆ. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗೀತು," ಎಂದು ಹೊರಟರು.

ಹೊರಗೆ ಬಂದ ಮೇಲೆ ಎಲ್ಲರೂ ಬಾಯಿಗೆ ಬಂದ ಹಾಗೆ ಬೈದರು. ನನಗೆ ಬೈಯಲು ಏನೂ ತೋಚಲಿಲ್ಲ. ಅವರು ಹೇಳಿದ್ದು ಯಾರ ಕೈಯ ವಿಚಾರವೋ ಅನ್ನುವ ಹಾಗಿತ್ತು.


ಜೂನ್ ೯, ಭಾನುವಾರ

ಇಸ್ತ್ರಿಯವರು ಕೆಲವರು ಗೇಟಿನ ಹತ್ತಿರ ಸೇರಿ ಮಾತಾಡೋಣ ಎಂದಿದ್ದರು. ಹೋಗಲಿಲ್ಲ. ಬಟ್ಟೆ ಒಗೆಯುವುದಿತ್ತು. ಒಗೆಯಲೂ ಇಲ್ಲ.


ಜೂನ್ ೧೦, ಸೋಮವಾರ

ಹಲಗೆಯನ್ನು ಮನೆಗೆ ತಂದೆ. ಅತ್ತೆ ಮೇಜಿನ ಆ ಬದಿಯಲ್ಲಿ ಭೂತಗನ್ನಡಿ ಹಿಡಿದು ಪೇಪರು ಓದುತ್ತಿದ್ದರು. ಅವರ ಮಗ ತೀರಿಕೊಂಡ ಮೇಲೂ ನಾವಿಬ್ಬರೂ ಬೇರೆ ಬೇರೆ ಹೋಗಲಿಲ್ಲ. ಅವರಿಗೆ ನಾನಿಲ್ಲದೆ ನಡೆಯುವುದಿಲ್ಲ ಅಂತ ನಾನು ಅಂದುಕೊಂಡಿದ್ದೇನೆ. ಅವರೂ ಹಾಗೇ ಅಂದುಕೊಂಡಿದ್ದಾರೆ, ತಿರುಗಿಸಿ.

"ಏನೇ ಅದು, ಹಾಗೆ ದಿಟ್ಟಿಸ್ತೀಯ?"

"ಬೋರ್ಡು ಅತ್ತೆ. ಮಿಣುಕಬೇಕು. ಮಿಣುಕ್ತಿಲ್ಲ."

"ಬಿಡೇ, ಉರೀತಿದೆಯಲ್ಲ! ಉರಿಯೋ ದೀಪಾನ ಆರಿಸಿ ಆರಿಸಿ ತೋರಿಸೋಕೂ ಒಂದು ಪರೀಕ್ಷೇನಾ?" ಎಂದು ಭೂತಗನ್ನಡಿಯನ್ನು ನನ್ನ ಕಡೆ ನೂಕಿದರು.

ಅದರಲ್ಲಿ ನೋಡಿದೆ. ಗುಂಡಿಯ ಹಲಗೆಯಲ್ಲಿ ಬೆಸುಗೆ ಕಾಲಿನ ಸುತ್ತ ಹರಿದು ಉಂಗುರಕ್ಕೆ ಕಚ್ಚಿಕೊಂಡಿರುತ್ತದೆ, ಹೊಳೆಯುತ್ತದೆ. ನನ್ನದು ಹಾಗಿಲ್ಲ. ಎಣ್ಣೆ ತಟ್ಟೆಯ ಮೇಲಿನ ನೀರಿನ ಹನಿಗಳ ಹಾಗೆ ಗುಂಡಗೆ, ಮಂಕಾಗಿ ಕೂತಿವೆ. ಮುಟ್ಟಿವೆ, ಅಂಟಿಲ್ಲ.

"ನಮ್ಮ ನೆಂಟರ ಹಾಗೆ," ಎಂದರು ಅತ್ತೆ, ಅವರೂ ಒಮ್ಮೆ ನೋಡಿ.


ಜೂನ್ ೧೧, ಮಂಗಳವಾರ

ಏನಿಲ್ಲ.


ಜೂನ್ ೧೨, ಬುಧವಾರ

ಮೇಷ್ಟ್ರು ಬೆಂಕಿಕಡ್ಡಿಯಿಂದ ಹಲಗೆಯ ಒಂದೊಂದೇ ಭಾಗವನ್ನು ಒತ್ತಿ ನೋಡಲು ಹೇಳಿದರು. ರೆಸಿಸ್ಟರ್ ಒತ್ತಿದೆ, ಏನಿಲ್ಲ. ಟ್ರಾನ್ಸಿಸ್ಟರ್ ಒತ್ತಿದೆ, ಏನಿಲ್ಲ. ಎಡಗಡೆಯ ಡಬ್ಬಿಯನ್ನು ಒತ್ತಿದೆ. ದೀಪಗಳು ಮಿಣುಕತೊಡಗಿದವು. ಬೆಂಕಿಕಡ್ಡಿ ತೆಗೆದೆ. ನಿಂತವು.

"ಸಿಕ್ತಲ್ಲ ಅಮ್ಮಾ! ಡಬ್ಬಿ ಕಾಲು ಉಂಗುರಕ್ಕೆ ಸೇರಿಲ್ಲ. ಒಣ ಬೆಸುಗೆ. ಒತ್ತಿದಾಗ ತಾಗುತ್ತೆ, ಬಿಟ್ರೆ ಬಿಡುತ್ತೆ. ಮತ್ತೆ ಕಾಯಿಸಿ. ಉಂಗುರದ ಮೇಲೆ ಕಾದ ಕಡ್ಡಿ ಇಟ್ಟು, ಒಂದು, ಎರಡು, ಮೂರು ಅಂತ ನಿಧಾನ ಎಣಿಸಿ."

ಕಾಯಿಸಿದೆ. ಬಾಯಿಬಿಟ್ಟು ಮೂರರವರೆಗೆ ಎಣಿಸಿದೆ. ಮತ್ತದೇ ಹನಿ. ಮತ್ತೆ ಎಣಿಸಿದೆ. ಮತ್ತದೇ.

"ಎಣಿಸಿದ್ರಾ?"

"ಎಣಿಸಿದೆ."

"ಕೇಳಿಸ್ತು. ಆದ್ರೂ..." ಎಂದು ಮೇಷ್ಟ್ರು ತಲೆ ಕೆರೆದುಕೊಂಡರು. ಅವರೇ ಮಾಡಿಕೊಡುವ ಹಾಗಿಲ್ಲ; ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕೈ ತಾಗಕೂಡದು ಅಂತ ಕಂಪನಿಯ ಕಟ್ಟಪ್ಪಣೆ.

ಹಿಂದಿನ ಸಾಲಿನಲ್ಲಿ ನಮ್ಮವರಲ್ಲೇ ಇಬ್ಬರು ಒತ್ತಿ ಒತ್ತಿ ಕಾಯಿಸಿ, ಕಿತ್ತು ಮತ್ತೆ ಕಾಯಿಸಿ, ಮೂರು ನಾಲ್ಕು ಉಂಗುರ ಎಬ್ಬಿಸಿಕೊಂಡಿದ್ದಾರೆ. ಒಬ್ಬಳು ಹಲಗೆಯನ್ನು ಚೀಲಕ್ಕೆ ಹಾಕಿ ಮೇಜಿನ ಮೇಲೆ ತಲೆಯಿಟ್ಟಳು. ನಾನು ಅಷ್ಟು ಹಟ ಹಿಡಿಯಲಿಲ್ಲ. ಎರಡು ಸಲ ನೋಡಿ ಕೈಕಟ್ಟಿ ಕೂತೆ.


ಜೂನ್ ೧೪, ಶುಕ್ರವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಊಟದ ಹೊತ್ತಿನ ನಂತರ ಗುಂಡಿ ತನ್ನ ಕೆಲಸ ಬಿಟ್ಟು ನನ್ನ ಕೈಯನ್ನೇ ನೋಡುತ್ತಾ ಕೂತಳು. ನಾನು ಕಡ್ಡಿ ಇಟ್ಟೆ, ಎಣಿಸಿದೆ, ತೆಗೆದೆ.

"ಇನ್ನೊಂದ್ಸಲ."

ಇಟ್ಟೆ, ಎಣಿಸಿದೆ, ತೆಗೆದೆ.

"ಏ ಹಬೆ, ನಿನ್ನ ಬಾಯಿ ಮೂರು ಅನ್ನುತ್ತೆ. ಕೈ ಒಂದಕ್ಕೇ ಎದ್ದು ಹೋಗಿರುತ್ತೆ ಕಣೇ."

"ಇಲ್ಲ. ಇಟ್ಟೇ ಇದ್ದೆ."

"ಇಟ್ಟೇ ಇದ್ಯಾ? ನನ್ನ ಮಂಗ ಮಾಡ್ಬೇಡ. ತುದಿ ಹಿಂಗೆ ತಾಗ್ತಿದ್ದ ಹಾಗೇ ಸುಯ್ ಅಂತ ಮುಂದಕ್ಕೆ ಜಾರುತ್ತೆ, ಎತ್ತಿಬಿಡ್ತೀಯ. ಆಮೇಲೆ ಗಾಳೀಲಿ ಹಿಡ್ಕೊಂಡು ಎರಡು, ಮೂರು ಅಂತ ಮಂತ್ರ ಹೇಳ್ತೀಯ." ಅವಳು ತನ್ನ ಕೈಯಲ್ಲಿ ಅಭಿನಯ ಮಾಡಿ ತೋರಿಸಿದಳು. ಮಣಿಕಟ್ಟು ತಿರುಗಿಸಿ, ಸ್ವಲ್ಪ ಮುಂದೆ ಜಾರಿಸಿ, ಚಕ್ಕನೆ ಎತ್ತುವುದು. ನೋಡಿದ ತಕ್ಷಣ ಗೊತ್ತಾಯಿತು. ಷರಟಿನ ಕಾಲರಿಗೆ ಇಸ್ತ್ರಿ ಹಾಕುವ ಪರಿ ಅದು.

ತಿರುಗಿ ನಮ್ಮವರ ಕಡೆ ನೋಡಿದೆವು. ಹತ್ತು ಮಂದಿ, ಹತ್ತು ಕಡ್ಡಿ. ತಾಗಿಸಿ, ಜಾರಿಸಿ, ಎತ್ತು. ತಾಗಿಸಿ, ಜಾರಿಸಿ, ಎತ್ತು. ಬಾಯಲ್ಲಿ ಎಲ್ಲರದೂ ಒಂದು, ಎರಡು, ಮೂರು. ಯಾರೋ ದಾರ ಕಟ್ಟಿ ಎಳೆದ ಹಾಗೆ ಎಲ್ಲರ ಮಣಿಕಟ್ಟೂ ಒಂದೇ ರೀತಿ ಮೇಲೇಳುತ್ತಿತ್ತು.

ಗೋಡೆಯ ಮೇಲೆ ಅವರೇ ಬರೆಸಿದ್ದು ಇನ್ನೂ ಇದೆ, ನಮ್ಮ ಎದುರಿಗೇ, ಆಳೆತ್ತರದ ಅಕ್ಷರ: ನಿಂತ ಇಸ್ತ್ರಿ, ಸುಟ್ಟ ಬಟ್ಟೆ. ಕಾದ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು ನಿಲ್ಲಿಸಿದರೂ ಸೂಪರ್‌ವೈಸರ್ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದ. ಸುಟ್ಟ ಷರಟನ್ನು ಹೆಗಲ ಮೇಲೆ ಹಾಕಿಸಿ ಹಾಲಿನ ಮಧ್ಯೆ ನಿಲ್ಲಿಸುತ್ತಿದ್ದ. ಮೊದಲ ವರ್ಷ ನಾನೂ ನಿಂತಿದ್ದೇನೆ. ಆಮೇಲೆ ಕೈ ಕಲಿತಿತು. ಬಿಸಿಯಾದದ್ದನ್ನು ಹಿಡಿದ ಕೈ ಎಲ್ಲೂ ನಿಲ್ಲಕೂಡದು ಅಂತ ಕಲಿತಿತು. ಈಗ ಅದೇ ಹಾಲಿನಲ್ಲಿ ಕೂರಿಸಿ, ಬಿಸಿಯಾದದ್ದನ್ನು ಹಿಡಿದು ನಿಲ್ಲು ಅನ್ನುತ್ತಾರೆ. ನಿಲ್ಲದಿದ್ದರೆ ಕೈ ದಪ್ಪ, ತಲೆ ದಪ್ಪ ಅನ್ನುತ್ತಾರೆ. ಕೈಗೆ ಪಾಠ ಹೇಳಿದವರೂ ಅವರೇ, ಪಾಠ ಮರೆಯಲಿಲ್ಲ ಅಂತ ಶಿಕ್ಷೆ ಕೊಡುವವರೂ ಅವರೇ. ಮರೆಯಲು ಬೇಕಾದ ಎರಡೂಕಾಲು ತಿಂಗಳನ್ನು ನುಂಗಿದವರೂ ಅವರೇ.

ಮೇಷ್ಟ್ರನ್ನು ಕರೆದು ತೋರಿಸಿದೆವು. ಅವರು ಒಬ್ಬೊಬ್ಬರ ಹಿಂದೆಯೂ ನಿಂತು ನೋಡಿ ಬಂದು, "ಅಯ್ಯೋ, ಹೌದಲ್ಲ. ನಾನು ಬರೀ ಬೋರ್ಡು ನೋಡ್ತಿದ್ದೆ," ಎಂದರು.

ಗುಂಡಿ ನಗಲು ಶುರು ಮಾಡಿದಳು. ಆಮೇಲೆ ನಮ್ಮವರು ಒಬ್ಬೊಬ್ಬರೂ ನಕ್ಕರು. ಹಿಂದಿನ ಸಾಲಿನವಳು, "ನಾನು ನಿದ್ದೇಲಿ ಹೊದಿಕೆಗೂ ಹೀಗೇ ಮಾಡ್ತೀನಂತೆ, ಮನೆಯವರು ಹೇಳ್ತಾರೆ," ಎಂದಳು. ಮತ್ತೆ ನಗು. ನಾನು ಕೈಯನ್ನು ಮೇಜಿನ ಮೇಲಿಟ್ಟು ನೋಡುತ್ತಿದ್ದೆ. ಏನೋ ಹೇಳಿದೆನಂತೆ, ಗುಂಡಿ ಆಮೇಲೆ ಹೇಳಿದಳು. "ಬೇರೆಯವರ ಕೈ," ಅಂದೆನಂತೆ.

ಇಷ್ಟುದ್ದ ಬರೆದೆ. ಬೆರಳು ನೋಯಬೇಕಿತ್ತು.


ಜೂನ್ ೧೫, ಶನಿವಾರ

ತಿಳಿದರೆ ಸಾಲದು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಮದ್ದು ಬೇಕು. ಬೆಳಗಿನಿಂದ ನಿಲ್ಲು ನಿಲ್ಲು ಅಂತ ಕೈಗೆ ಹೇಳಿದ್ದೇ ಬಂತು. ಅದು ಎದ್ದೇ ಏಳುತ್ತದೆ. ಈಗ ಹೊಡೆತ ಬೀಳುತ್ತದೆ ಅಂತ ಕಾಯುವ ನಾಯಿಯ ಹಾಗೆ.

ಕೊನೆಗೆ ಗುಂಡಿ ರೇಗಿ, ತನ್ನ ಅಂಗೈಯನ್ನು ನನ್ನ ಮಣಿಕಟ್ಟಿನ ಮೇಲೆ ಊರಿದಳು. ಕಡ್ಡಿ ಏಳದಂತೆ ಹೇರಿದಳು.

"ಏಳು ನೋಡೋಣ ಈಗ."

ಏಳಲಾಗಲಿಲ್ಲ. ಮೈಯೆಲ್ಲ ಬೆವರಿತು. ಎರಡು ಎಂದು ಎಣಿಸುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಮೂರಕ್ಕೆ ಅವಳು ತಂತಿ ಮುಟ್ಟಿಸು ಎಂದಳು. ಮುಟ್ಟಿಸಿದೆ. ಹನಿ ನಿಲ್ಲಲಿಲ್ಲ, ಹರಿಯಿತು. ಕಾಲಿನ ಸುತ್ತ ಹೋಗಿ ಉಂಗುರದ ಅಂಚಿನವರೆಗೆ ಕಚ್ಚಿಕೊಂಡಿತು.

"ಏನು ಭಾರ ನಿನ್ನ ಕೈ," ಎಂದೆ.

"ಗುಂಡಿ ಹಚ್ಚೋರ ಕೈ ಸೂಕ್ಷ್ಮ ಕಣೇ, ಆಫೀಸರೇ ಹೇಳಿದ್ದಾರೆ."

ಮೇಷ್ಟ್ರು ನೋಡಿಯೂ ನೋಡದವರಂತೆ ಮೊಳೆ ಹೊಡೆದ ಕಿಟಕಿಯನ್ನು ತೆಗೆಯಲು ಹೋದರು.

ಆಮೇಲೆ ಎಲ್ಲ ಇಸ್ತ್ರಿಯವರಿಗೂ ಒಬ್ಬೊಬ್ಬ ಗುಂಡಿ ಮೇಜಿನವಳು ಸಿಕ್ಕಿದಳು. ಇಬ್ಬರಿಗೊಂದು ಕುರ್ಚಿ.


ಜೂನ್ ೧೮, ಮಂಗಳವಾರ

ಗುಂಡಿ ಇವತ್ತು ಕೈ ತೆಗೆದಳು. ನನ್ನ ಕೈ ಮೂರರವರೆಗೆ ನಿಂತಿತು, ತಾನೇ. ಎಲ್ಲ ಕಾಲುಗಳನ್ನೂ ಮತ್ತೆ ಕಾಯಿಸಿದೆ. ಬ್ಯಾಟರಿ ಕೊಟ್ಟೆ. ಮಿಣುಕಿತು. ಮೇಜಿಗೆ ಕುಟ್ಟಿದೆ. ಮಿಣುಕುತ್ತಲೇ ಇತ್ತು.

ನಮ್ಮವರಿಗೂ ಕೈ ನಿಲ್ಲುವುದು ಬಂದಿದೆ, ಹತ್ತೂ ಮಂದಿಗೆ. ಆದರೆ ಬಂದು ಏನು? ಅವರ ಹಲಗೆಗಳಲ್ಲಿ ಬೆಸೆಯಲು ಬೇಕಾದಷ್ಟು ಉಂಗುರಗಳೇ ಉಳಿದಿಲ್ಲ. ಹಟ ಹಿಡಿದು ಕಾಯಿಸಿದವರು ಅವರು. ಹಟ ಹಿಡಿದವರ ಹಲಗೆ ಸತ್ತಿತು, ಕೈಕಟ್ಟಿ ಕೂತವಳದ್ದು ಉಳಿಯಿತು. ಮೇಷ್ಟ್ರು ಇನ್ನೊಂದು ಕಿಟ್‌ಗಾಗಿ ಆಫೀಸಿಗೆ ಹೋಗಿ ಬಂದರು. ಹೋದ ಮುಖವೇ ಬೇರೆ, ಬಂದ ಮುಖವೇ ಬೇರೆ.

ಸಂಜೆ ತೋರುಬೆರಳು ಕಡ್ಡಿಗೆ ತಾಗಿತು. ಅಯ್ಯೋ ಎಂದು ಕೂಗಿದೆ. ಇನ್ನೂ ಉರಿಯುತ್ತಿದೆ. ಅತ್ತೆ ತಣ್ಣೀರಿನಲ್ಲಿ ಅದ್ದಿಸಿದರು.


ಜೂನ್ ೨೦, ಗುರುವಾರ

ಪರೀಕ್ಷೆ ಆಯಿತು.

ಗುಂಡಿ ಮೇಜಿನವರೆಲ್ಲ ಪಾಸು. ಇಸ್ತ್ರಿಯವರನ್ನು ಆಮೇಲೆ ಕರೆದರು. ಒಂದೊಂದೇ ಹಲಗೆ. ಹತ್ತಲಿಲ್ಲ. ಹತ್ತಿತು, ಮಿಣುಕಲಿಲ್ಲ. ಮಿಣುಕಿತು, ಕುಟ್ಟಿದಾಗ ನಿಂತಿತು. ಹತ್ತು ಮಂದಿ ಗೋಡೆಯ ಪಕ್ಕ ನಿಂತರು. ಕೊನೆಗೆ ನನ್ನದು. ಮಿಣುಕಿತು. ನಗುಮೊಗ ಕುಟ್ಟಿದರು. ಮಿಣುಕಿತು. ಇನ್ನೂ ಜೋರಾಗಿ ಕುಟ್ಟಿದರು. ಮಿಣುಕುತ್ತಲೇ ಇತ್ತು.

"ಪಾಸ್!" ಎಂದರು. ಹಲಗೆಯನ್ನು ಎತ್ತಿ ಗೋಡೆಯ ಕಡೆ ತಿರುಗಿದರು. "ನೋಡಿದ್ರಾ? ಇವರೂ ಇಸ್ತ್ರಿಯವರೇ ತಾನೆ? ಇದೇ ತರಬೇತಿ, ಇದೇ ಮೇಷ್ಟ್ರು, ಇದೇ ಒಂದು ಕಿಟ್. ಇವರಿಗೆ ಬಂತು. ನಿಮಗೆ ಬರಲಿಲ್ಲ. ಅಂದ್ಮೇಲೆ ತಪ್ಪು ತರಬೇತೀದಲ್ಲ. ಇನ್ನು ಎರಡನೇ ಕಿಟ್, ಮೂರು ತಿಂಗಳು ಅಂತ ಯಾರೂ ಬಾಯಿ ತೆಗೀಬಾರದು." ನನ್ನ ಕಡೆ ತಿರುಗಿ, "ಬನ್ನಿ ಅಮ್ಮ, ಹಲಗೆ ಹಿಡ್ಕೊಳ್ಳಿ, ಒಂದು ಫೋಟೋ. ಸೋಮವಾರದಿಂದ ಕೆಲಸಕ್ಕೆ ಬನ್ನಿ," ಎಂದರು.

ಹಲಗೆ ಕೈಗೆ ಬಂತು. ಹತ್ತು ಮಂದಿಯಲ್ಲಿ ಒಬ್ಬರೂ ನನ್ನನ್ನು ನೋಡುತ್ತಿರಲಿಲ್ಲ, ಹಲಗೆಯನ್ನು ನೋಡುತ್ತಿದ್ದರು.

"ಇದು ನನ್ನೊಬ್ಬಳದಲ್ಲ," ಎಂದೆ.

"ಏನು?"

"ನನ್ನ ಕೈ ನಿಲ್ತಿರಲಿಲ್ಲ ಸಾರ್. ನಿಲ್ಲಬಾರದು ಅಂತ ಕಲಿಸಿದ್ದು ನೀವು, ಅಲ್ಲಿ ಗೋಡೆ ಮೇಲೆ ಬರೆಸಿದ್ದೀರಿ. ಇನ್ನೊಬ್ಬರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದ್ರು. ನಿಮ್ಮ ತರಬೇತೀಲಿ ಬಂದದ್ದಲ್ಲ. ಇವರಿಗೂ ಈಗ ಕೈ ನಿಲ್ಲುತ್ತೆ. ಬೇಕಾದ್ರೆ ಹೊಸ ಕಿಟ್ ಕೊಟ್ಟು ಈಗಲೇ ಕೂರಿಸಿ ನೋಡಿ."

"ಮತ್ತೊಬ್ಬರ ಕೈ ತಾಗಿದ್ರೆ ಇದು ನಿಮ್ಮ ಕೆಲಸ ಅಲ್ಲ. ನಿಯಮ ಗೊತ್ತು ತಾನೆ?"

"ಗೊತ್ತು."

"ಯೋಚನೆ ಮಾಡಿ ಮಾತಾಡಿ ಅಮ್ಮ. ಹಿಡಿಸ್ಕೊಂಡಿಲ್ಲ ಅಂತ ಒಂದು ಮಾತು ಹೇಳಿ, ನಾನು ಏನೂ ಕೇಳಿಸ್ಕೊಂಡಿಲ್ಲ."

"ಹಿಡಿಸ್ಕೊಂಡೆ. ನನ್ನದನ್ನ ಪಾಸ್ ಅಂತ ಬರೆದ್ರೆ ಹತ್ತು ಜನರ ಕತ್ತಿಗೆ ಅದನ್ನೇ ಕಟ್ತೀರಿ. ಫೇಲ್ ಅಂತ ಬರ್ಕೊಳ್ಳಿ."

ಮೇಷ್ಟ್ರು, "ಸಾರ್, ಹನ್ನೊಂದು ಬೋರ್ಡೂ ಒಂದೇ ಥರ ಕೆಟ್ಟಿದ್ದವು, ಅದಕ್ಕೆ ಕಾರಣ..." ಎಂದು ಶುರು ಮಾಡಿದರು. "ನಿಮ್ಮ ಮೂರು ವಾರ ಇವತ್ತಿಗೆ ಮುಗೀತು," ಎಂದರು ನಗುಮೊಗ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಿಡಿದವರು ಯಾರು?" ಎಂದು ನಗುಮೊಗ ಕೇಳಿದರು. ಪಾಸಾದವರ ಸಾಲಿನಿಂದ ಗುಂಡಿ ಕೈ ಎತ್ತಿದಳು.

"ನಾನೇ ಸಾರ್. ಬಲಗೈ. ತೂಕ ಬೇಕಾದ್ರೆ ನೋಡ್ಕೊಳ್ಳಿ."

ಅವಳ ಪಕ್ಕದವಳೂ ಎತ್ತಿದಳು. ಆಮೇಲೆ ಇನ್ನೊಬ್ಬಳು. ಗುಂಡಿ ಮೇಜಿನವರೆಲ್ಲ ಎತ್ತಿದರು. ನಗುಮೊಗದ ಹಲ್ಲು ಆಗ ಮುಚ್ಚಿತು. ಅದನ್ನು ನೋಡಿದ್ದು ನನಗೆ ಇದೇ ಮೊದಲು. ಕಾಗದ ಮಡಚಿಕೊಂಡು, "ಫಲಿತಾಂಶ ತಡೆಹಿಡಿದಿದ್ದೇವೆ. ಬುಧವಾರ ಹೇಳ್ತೀವಿ," ಎಂದು ಹೋದರು.

ಅಷ್ಟೇ. ಕೈ ತೊಳೆದೆ. ಬಸ್ಸು ಹಿಡಿದೆ.

ಅತ್ತೆ ಬಾಗಿಲಲ್ಲೇ ಕೇಳಿದರು. "ಮಿಣುಕ್ತಾ?"

"ಮಿಣುಕಿತು."

"ಕೆಲಸ?"

"ಇಲ್ಲ ಅಂತ ಕಾಣುತ್ತೆ."

"ಮಿಣುಕಿದ ಮೇಲೂ ಇಲ್ಲ ಅನ್ನೋಕೆ ಅವರ ಅಪ್ಪನ ಮನೆ ದೀಪವಾ ಅದು?" ಎಂದರು. ಬಡಿಸಿದರು. ಬಹಳ ಹಸಿವಾಗಿತ್ತು. ಸಾರಿಗೆ ಉಪ್ಪು ಕಮ್ಮಿಯಿತ್ತು, ಕೇಳಿ ಹಾಕಿಸಿಕೊಂಡೆ.


ಜೂನ್ ೨೧, ಶುಕ್ರವಾರ

ಬೆಳಿಗ್ಗೆ ಹಿಂದಿನ ಸಾಲಿನವಳು ಬಂದಳು. ಅವಳ ಹಿಂದೆಯೇ ಇನ್ನಿಬ್ಬರು. ಮಧ್ಯಾಹ್ನದ ಹೊತ್ತಿಗೆ ಹತ್ತೂ ಮಂದಿ. ಕುರ್ಚಿ ಸಾಲದೆ ಮಂಚದ ಮೇಲೂ ಕಿಟಕಿಯ ಕಟ್ಟೆಯ ಮೇಲೂ ಕೂತರು. ಅತ್ತೆ ಚಹಾ ಮಾಡಿ ಮಾಡಿ ಸಾಕಾಗಿ, "ನಿಮ್ಮ ಕೈ ನಿಲ್ಲೋದು ಕಲಿತಿದ್ಯಲ್ಲ, ಒಲೆ ಮುಂದೆ ಒಬ್ಬರು ನಿಲ್ಲಿ," ಎಂದರು.

ಹಿಂದಿನ ಸಾಲಿನವಳು ನನ್ನ ಪಕ್ಕ ಕೂತು, "ನಿಂಗ್ಯಾಕೆ ಬೇಕಿತ್ತೇ ಅದು? ಬಾಯಿ ಮುಚ್ಕೊಂಡಿದ್ರೆ ಸೋಮವಾರ ಕೆಲಸಕ್ಕೆ ಹೋಗ್ತಿದ್ದೆ," ಎಂದಳು.

"ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿಲ್ಲ.

"ಸುಳ್ಳಿ," ಎಂದು ನನ್ನ ತೊಡೆಗೆ ಗುದ್ದಿದಳು. ಕಣ್ಣೊರೆಸಿಕೊಂಡಳು.

ನಮ್ಮವರು ಕೂಗಾಡಿದರು. ಗೇಟು ಮುರಿಯೋಣ ಅಂದವಳೂ ಇದ್ದಳು, ಕೈಮುಗಿದು ಕೇಳೋಣ ಅಂದವಳೂ ಇದ್ದಳು. ನಾನು ಹೇಳಿದೆ: ಅವರು ಬುಧವಾರದವರೆಗೆ ಸಮಯ ತೆಗೆದುಕೊಂಡಿರುವುದು ಗುಂಡಿ ಮೇಜಿನವರನ್ನು ಒಬ್ಬೊಬ್ಬರನ್ನಾಗಿ ಕರೆದು, ಕೈ ಹಿಡಿದಿಲ್ಲ ಅಂತ ಹೇಳಿಸಲು. ಅದಕ್ಕೆ ಮೊದಲು ನಾವೂ ಅವರೂ ಒಂದೆಡೆ ಕೂರಬೇಕು. ಹೊಸ ಕಿಟ್ ಹಾಕಿ, ಎಲ್ಲರೆದುರು ನಮ್ಮನ್ನು ಮತ್ತೆ ಕೂರಿಸಿ ಅಂತ ಕೇಳಬೇಕು. ಅವರ ಪರೀಕ್ಷೆಯನ್ನೇ ಕೇಳಬೇಕು, ಬಿಟ್ಟಿ ಅನ್ನವನ್ನಲ್ಲ. ಕೊಡುವವರೆಗೆ ಹೊಸ ಘಟಕದ ಗೇಟಿನೊಳಗೆ ಪಾಸಾದವರೂ ಕಾಲಿಡಬಾರದು.

ಇಷ್ಟನ್ನು ಹೇಳಿದೆ. ಬೇರೆ ಯಾರಾದರೂ ಹೇಳುತ್ತಿದ್ದರು.


ಜೂನ್ ೨೨, ಶನಿವಾರ

ಗುಂಡಿಯ ಮನೆಗೆ ಹೋದೆ. ನಿನ್ನೆಯೇ ಆಫೀಸಿನಿಂದ ಅವಳಿಗೆ ಕರೆ ಬಂದಿತ್ತಂತೆ. ಹಿಡಿದಿಲ್ಲ ಅಂತ ಬರೆದುಕೊಟ್ಟರೆ ಮೇಲ್ವಿಚಾರಕಿ ಮಾಡುತ್ತೇವೆ ಎಂದರಂತೆ.

"ಏನಂದೆ?"

"ಬಲಗೈ ನೋವು, ಬರೆಯೋಕಾಗಲ್ಲ ಅಂದೆ." ನಗಲಿಲ್ಲ ಅವಳು. ಮುಖ ಬಿಳಿಚಿತ್ತು. "ಹಬೆ, ನಮ್ಮವರಲ್ಲಿ ಮೂವರು ಬರೆದುಕೊಟ್ಟಿದ್ದಾರೆ ಕಣೇ. ಮಕ್ಕಳೊಂದಿಗರು. ಬೈಯೋಕೂ ಮನಸ್ಸು ಬರ್ತಿಲ್ಲ."

"ಬೈಬೇಡ. ಕರಿ. ಅವರನ್ನೇ ಮೊದಲು ಕರಿ."

ಇಬ್ಬರೂ ನಡೆದು ಆ ಮೂರು ಮನೆಗೂ ಹೋದೆವು. ಒಬ್ಬಳು ಬಾಗಿಲು ತೆಗೆಯಲಿಲ್ಲ. ಒಬ್ಬಳು ತೆಗೆದು ಅತ್ತಳು. ಒಬ್ಬಳು ಬರುತ್ತೇನೆ ಎಂದಳು. ಆಮೇಲೆ ಉಳಿದವರ ಮನೆಗಳು. ಮೇಷ್ಟ್ರ ಬಾಡಿಗೆ ಕೋಣೆಗೂ ಹೋದೆವು. ಊರಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದರು. ಹನ್ನೊಂದು ಹಲಗೆ ಯಾಕೆ ಕೆಟ್ಟವು ಅಂತ ಎಲ್ಲರೆದುರು ಹೇಳಿ ಹೋಗಿ ಎಂದೆವು. ಪೆಟ್ಟಿಗೆಯ ಬೀಗವನ್ನು ಹಾಕಿ ತೆಗೆದು ಹಾಕಿ ತೆಗೆದು, ಬಸ್ಸಿನ ಟಿಕೆಟ್ ಸೋಮವಾರಕ್ಕೆ ಬದಲಾಯಿಸುತ್ತೇನೆ ಎಂದರು.

ಸಭೆಯಲ್ಲಿ ಮೊದಲ ಮಾತು ಯಾರು ಆಡಬೇಕು ಎಂದು ಗುಂಡಿ ಕೇಳಿದಳು. ಯಾರಾದರೂ ಆಡಲೇಬೇಕಲ್ಲ, ನಾನೇ ಆಡುತ್ತೇನೆ ಎಂದೆ. ಇವತ್ತು ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ, ಬಿಸಿನೀರು ಕುಡಿಯಬೇಕು. ಪಕ್ಕದ ಮನೆಯಿಂದ ಬೆಂಚು ಕೇಳಿದ್ದೇನೆ. ಸತ್ತ ಹಲಗೆಯಾದರೂ ಸರಿ, ಎಲ್ಲರೂ ತಮ್ಮ ತಮ್ಮ ಹಲಗೆ ತರಬೇಕು. ವಾಪಸು ಬರುವ ದಾರಿಯಲ್ಲಿ ಬಾಗಿಲು ತೆಗೆಯದವಳ ಮನೆಗೆ ಇನ್ನೊಮ್ಮೆ ಹೋಗಿ ಬಾಗಿಲ ಸಂದಿಯಿಂದ ಕೂಗಿ ಹೇಳಿ ಬಂದೆ, ಒಳಗೆ ಕೇಳಿಸುವ ಹಾಗೆ:

ನಾಳೆ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ, ನಮ್ಮ ಮನೆಯಲ್ಲಿ.